ನಂಬರ್ ಕಂಡ ಮೇಲೂ ಬೆನ್ನಟ್ಟಬೇಕಾ?

ಹೋದ ವರ್ಷ ಚೌತಿ ಹಿಂದುಮುಂದು ಗದಗಿನಿಂದ ಹುಬ್ಬಳ್ಳಿಗೆ ಬರುತ್ತಿದ್ದೆ. ಪಕ್ಕದಲ್ಲಿ ಸೋದರಮಾವ. ಪೊಲೀಸ್ ಇಲಾಖೆಯಲ್ಲಿ ಜೀಪ್ ಓಡಿಸಿ ನಿವೃತ್ತರಾದವರು. ನಾನು ಸ್ವಲ್ಪ ಜೋರು ಹೋದರೆ ಸಾಕು, "ಸಾವಕಾಶ ತಮ್ಮಾ" ಅಂತ ಶುರು ಮಾಡುತ್ತಾರೆ.

ಒಂದು ಊರಿನ ಹತ್ತಿರ ಚಹಾದಂಗಡಿ ಮುಂದೆ ನಿಂತು ಗಿರ್ಮಿಟ್ ಹೇಳಿದೆವು. ಆಚೆ ಹೆಲ್ಮೆಟ್ ತಪಾಸಣೆ ನಡೆದಿತ್ತು. ಒಂದು ಬೈಕ್ ಮೇಲೆ ಇಬ್ಬರು ಹುಡುಗರು ಬರಿತಲೆಯಲ್ಲಿ ಬಂದರು. ಪೊಲೀಸರನ್ನು ಕಂಡದ್ದೇ ತಡ, ಗಾಡಿ ತಿರುಗಿಸಿ ಊರೊಳಗಿನ ರಸ್ತೆ ಹಿಡಿದರು. ಪೊಲೀಸರೊಬ್ಬರು ತಮ್ಮ ಬೈಕ್ ಹತ್ತಿ ಬೆನ್ನಿಗೆ ಬಿದ್ದರು.

ಆಗ ಹೆಸರಿನ ಸುಗ್ಗಿ. ನಮ್ಮ ಕಡೆ ಈಗ ಕಣ ಅಂದ್ರೆ ಡಾಂಬರು ರಸ್ತೇನೇ ಅಲ್ವಾ? ಅರ್ಧ ರಸ್ತೆಗೆ ಕಾಳು ಹರವಿ, ಅಂಚಿಗೆ ಕಲ್ಲು ಇಟ್ಟಿದ್ದರು. ಒಬ್ಬ ಅಜ್ಜಿ ಕಾಲಿನಿಂದ ಕಾಳು ಆಡಿಸುತ್ತಿದ್ದಳು. ಓಡಿಸುತ್ತಿದ್ದ ಹುಡುಗ ಹಿಂದೆ ತಿರುಗಿ ನೋಡಿದ. ಅಷ್ಟರಲ್ಲಿ ಮುಂದಿನ ಗಾಲಿ ಕಾಳಿನ ಮೇಲೆ ಹತ್ತಿತ್ತು. ಬ್ರೇಕ್ ಒತ್ತಿದ. ಬೈಕ್ ಅಡ್ಡ ಬಿದ್ದು, ಜಾರುತ್ತಾ ಹೋಗಿ ಅಜ್ಜಿಯಿಂದ ಒಂದು ಮಾರು ದೂರದಲ್ಲಿ ನಿಂತಿತು. ಪೊಲೀಸರ ಬೈಕೂ ತೂರಾಡಿತು, ಬೀಳಲಿಲ್ಲ ಅಷ್ಟೇ.

ನಾವು ಓಡಿ ಹೋದಾಗ ಹುಡುಗನ ಮೊಣಕೈ ಪೂರಾ ಕೆತ್ತಿತ್ತು. ರಕ್ತಕ್ಕೆ ಹೆಸರುಕಾಳು ಅಂಟಿದ್ದವು. ಹಿಂದೆ ಕೂತವನಿಗೆ ಏನೂ ಆಗಿರಲಿಲ್ಲ. ಅಜ್ಜಿ ಯಾರನ್ನೂ ಬಿಡಲಿಲ್ಲ. "ನಿಮ್ಮ ಆಟಕ್ಕ ನನ್ನ ಕಾಳs ಬೇಕಾಗಿತ್ತೇನ್ರೋ? ಯಾರ ಆರಿಸಿ ಕೊಡ್ತೀರಿ ಈಗ?"

ಕಾರು ಹತ್ತಿದ ಮೇಲೆ ನಾನು ಸುಮ್ಮನಿರಲಿಲ್ಲ. "ಐದು ನೂರು ರೂಪಾಯಿ ದಂಡಕ್ಕೆ ಇದೆಲ್ಲ ಬೇಕಿತ್ತಾ ಮಾಮಾ? ನಂಬರ್ ಎದ್ದು ಕಾಣುತ್ತಿತ್ತು. ಮನೆಗೆ ನೋಟಿಸ್ ಕಳಿಸಿದರೆ ಮುಗೀತು."

"ನಂಬರ್ ಖೊಟ್ಟಿ ಇದ್ದರ? ಗಾಡಿ ಕಳವಿಂದಿದ್ದರ? ಓಡಿದರ ಬಿಡತಾರ ಅಂತ ಗೊತ್ತಾದರ ನಾಳೆ ಎಲ್ಲಾರೂ ಓಡತಾರ."

ತೆಗೆದುಹಾಕುವ ಮಾತಲ್ಲ ಇದು. 2007ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟೂ ಹೆಚ್ಚುಕಡಿಮೆ ಇದನ್ನೇ ಹೇಳಿದೆ. ಜಾರ್ಜಿಯಾದಲ್ಲಿ 19 ವರ್ಷದ ಹುಡುಗನೊಬ್ಬ 55 ಮೈಲಿ ಮಿತಿಯ ರಸ್ತೆಯಲ್ಲಿ 73ರಲ್ಲಿ ಹೋಗುತ್ತಿದ್ದ. ನಿಲ್ಲಿಸು ಅಂದರೆ ನಿಲ್ಲಿಸಲಿಲ್ಲ. ಬೆನ್ನಟ್ಟಿದ ಪೊಲೀಸರು ಕೊನೆಗೆ ಅವನ ಕಾರಿಗೆ ಹಿಂದಿನಿಂದ ಗುದ್ದಿದರು. ಅವನ ಕೈಕಾಲು ಶಾಶ್ವತವಾಗಿ ಸ್ವಾಧೀನ ತಪ್ಪಿದವು. ಒಂಬತ್ತು ನ್ಯಾಯಮೂರ್ತಿಗಳಲ್ಲಿ ಎಂಟು ಜನ ಪೊಲೀಸರು ಮಾಡಿದ್ದು ಸರಿ ಅಂದರು. ಸ್ಟೀವನ್ಸ್ ಒಬ್ಬರೇ ಒಪ್ಪಲಿಲ್ಲ. ನಂಬರ್ ಸಿಕ್ಕಿತ್ತಲ್ಲ, ಆಮೇಲೆ ಹಿಡಿಯಬಹುದಿತ್ತು ಅನ್ನೋದು ಅವರ ವಾದ. ನಾನು ಸ್ಟೀವನ್ಸ್ ಕಡೆ.

ಕೂಸನ್ನು ಕದ್ದೊಯ್ಯುವವನನ್ನು ಬೆನ್ನಟ್ಟಲಿ, ಬೇಡ ಅನ್ನೋರು ಯಾರು? ಆದರೆ ಹೆಲ್ಮೆಟ್ ಕೇಳೋದೇ ತಲೆ ಉಳೀಲಿ ಅಂತ. ಆ ಬರಿತಲೆಯನ್ನೇ ಅಟ್ಟಿಸಿಕೊಂಡು ಹೋದರೆ ಅದು ಎಂಥ ಕಾಳಜಿ? ಗಂಟೆಗೆ 100 ಕಿ.ಮೀ. ವೇಗದಲ್ಲಿ ಒಂದು ಸೆಕೆಂಡಿಗೆ ಸುಮಾರು 28 ಮೀಟರ್ ದಾಟಿರುತ್ತೇವೆ. ಹಿಂದೆ ಒಮ್ಮೆ ನೋಡುವಷ್ಟು ಹೊತ್ತು ಅದು.

ಈ ಪ್ರಸಂಗಕ್ಕೂ ಮೊದಲೇ, 2025ರ ಮೇನಲ್ಲಿ, ಮಂಡ್ಯದಲ್ಲಿ ತಪಾಸಣೆಗೆ ಬೈಕ್ ತಡೆಯಲು ಹೋದಾಗ ಪುಟ್ಟ ಕೂಸೊಂದು ಬಿದ್ದು ಸತ್ತಿತ್ತು. ಆಮೇಲೆ ರಾಜ್ಯದ ಪೊಲೀಸ್ ಮುಖ್ಯಸ್ಥರು ಸೂಚನೆ ಹೊರಡಿಸಿದರು: ಏಕಾಏಕಿ ಅಡ್ಡ ಬರಬೇಡಿ, ಕೀ ಕಸಿಯಬೇಡಿ, ಜೋರಾಗಿ ಹೋದವರ ಬೆನ್ನು ಹತ್ತದೆ ನಂಬರ್ ಬರೆದುಕೊಂಡು ಕಂಟ್ರೋಲ್ ರೂಮಿಗೆ ತಿಳಿಸಿ. ಸೂಚನೆ ಹಳ್ಳಿ ರಸ್ತೆ ತನಕ ಬಂದು ಮುಟ್ಟಿತ್ತೋ ಇಲ್ಲವೋ!

ಹುಬ್ಬಳ್ಳಿ ಹತ್ತಿರ ಬಂದಾಗ ಮಾಮಾ ತಾವಾಗಿಯೇ ಹಳೇ ಕತೆ ತೆಗೆದರು. ಒಂದು ರಾತ್ರಿ ಕುರಿಗಳ್ಳರ ಗಾಡಿ ಹಿಂದೆ ಬಿದ್ದಿದ್ದರಂತೆ. ಪಕ್ಕದಲ್ಲಿ ಸಾಹೇಬರು "ಹೊಡಿ, ಹೊಡಿ" ಅಂತಿದ್ದರಂತೆ. "ಮುಂದಿನ ಗಾಡಿ ಕೆಂಪ ದೀಪ ಬಿಟ್ಟರ ನನಗೇನೂ ಕಾಣವಲ್ದು. ಬಾಜೂಕ ಚಕ್ಕಡಿ ಇತ್ತಂತ, ಅದರಾಗ ಹೆಣ್ಮಕ್ಕಳು ಕುಂತಿದ್ದರಂತ. ಮರುದಿನ ಆ ಊರವರು ಬಂದು ಜಗಳ ತೆಗೆದಾಗ ಗೊತ್ತಾತು."

"ಕಳ್ಳರು ಸಿಕ್ಕರಾ?"

"ಸಿಕ್ಕರಪಾ. ಮುಂದಿನ ವಾರ, ಸಂತ್ಯಾಗ ಕುರಿ ಮಾರೂ ಮುಂದ."

ಹಾಗಂತ ಸೋತೆ ಅಂತ ಒಪ್ಪುವವರಲ್ಲ. ಮನೆ ಮುಟ್ಟಿ ಊಟಕ್ಕೆ ಕೂತಾಗಲೂ, ಖೊಟ್ಟಿ ನಂಬರಿನ ಮಾತಿಗೆ ನಿನ್ನ ಉತ್ತರ ಇನ್ನೂ ಬಂದಿಲ್ಲ ಅಂತ ನನ್ನನ್ನೇ ಹಿಡಿದುಕೊಂಡರು.