ನೆರಳು ಸರಿಯುವ ಮುನ್ನ

ಹೊರಗೆ ಕೂತು ಜಲವರ್ಣದಲ್ಲಿ ನಿಸರ್ಗಚಿತ್ರ ಬರೆಯುವವರಿಗೆ ಮೊದಲು ಕೈಕೊಡುವುದು ಬಣ್ಣವಲ್ಲ, ಹೊತ್ತು. ಸೂರ್ಯ ಗಂಟೆಗೆ 15 ಡಿಗ್ರಿಯಷ್ಟು ಸರಿಯುತ್ತಾನೆ. ನೆರಳು ಸರಿದಂತೆಲ್ಲ ತಿದ್ದುತ್ತ ಹೋದರೆ ಒಂದೇ ಚಿತ್ರದಲ್ಲಿ ಎರಡು ಸೂರ್ಯರು! ಹಾಗಾಗಿ ಪೆನ್ಸಿಲ್ ರೇಖೆ ಮುಗಿದ ಕೂಡಲೇ ನೆರಳಿನ ಅಂಚುಗಳನ್ನು ಗುರುತು ಹಾಕಿಬಿಡಿ. ಆಮೇಲೆ ಬಿಸಿಲು ಎಲ್ಲಿಗೆ ಹೋದರೂ ಆ ಗುರುತಿಗೇ ಅಂಟಿಕೊಳ್ಳಿ. ಮೋಡ ಕವಿದ ದಿನ ಈ ಅವಸರವಿಲ್ಲ, ಆದರೆ ಚಿತ್ರಕ್ಕೆ ಗಟ್ಟಿ ನೆರಳೂ ಸಿಗುವುದಿಲ್ಲ.

ಕಾಗದ 300 ಜಿಎಸ್‌ಎಂ (ಚದರ ಮೀಟರಿಗೆ 300 ಗ್ರಾಂ ತೂಕ) ಇರಲಿ, ತೆಳುವಾದದ್ದು ನೀರು ಬಿದ್ದರೆ ಉಬ್ಬುತ್ತದೆ. ಅಳತೆ 28 × 38 ಸೆಂ.ಮೀ. ಮೀರುವುದು ಬೇಡ, ಒಂದೂವರೆ ಗಂಟೆಯಲ್ಲಿ ಮುಗಿಯಬೇಕಲ್ಲ. ಬೋರ್ಡನ್ನು ನೆರಳಲ್ಲೇ ಇಟ್ಟುಕೊಳ್ಳಿ. ಬಿಸಿಲು ನೇರ ಬಿದ್ದ ಕಾಗದ ಕಣ್ಣು ಕುಕ್ಕುತ್ತದೆ, ಹಚ್ಚಿದ್ದೆಲ್ಲ ತಿಳಿಯಾಗಿ ಕಂಡು ಕೈ ತಾನಾಗಿ ಗಾಢ ಬಣ್ಣ ಕಲಸುತ್ತದೆ. ಅದೇ ಚಿತ್ರ ಮನೆಯೊಳಗೆ ಮಂಕಾಗಿ ಕಾಣುತ್ತದೆ.

ಇನ್ನು ಹಸಿರು. ಟ್ಯೂಬಿನ ವಿರಿಡಿಯನ್ ಹಾಗೇ ಹಚ್ಚಿದರೆ ಮರ ಪ್ಲಾಸ್ಟಿಕ್ಕಿನಂತಿರುತ್ತದೆ. ಅಲ್ಟ್ರಾಮರೀನ್ ನೀಲಿಗೆ ಹಳದಿ ಬೆರೆಸಿ, ಚೂರು ಬರ್ನ್ಟ್ ಸಿಯೆನ್ನಾ ಎಂಬ ಕೆಂಗಂದು ಬಣ್ಣ ಸೇರಿಸಿದರೆ ಹಸಿರಿನ ಕಿರುಚಾಟ ನಿಲ್ಲುತ್ತದೆ. ದೂರದ ಗುಡ್ಡಕ್ಕೆ ಹೋಗುತ್ತ ಹಳದಿ ಕಡಿಮೆ, ನೀಲಿ ಮತ್ತು ನೀರು ಹೆಚ್ಚು.

ಕೆರೆದಂಡೆಯಲ್ಲಿ ಕೂತರೆ ನೆರಳನ್ನೂ ಪ್ರತಿಬಿಂಬವನ್ನೂ ಒಂದೇ ಎಂದುಕೊಳ್ಳಬೇಡಿ. ನೆರಳು ಬಿಸಿಲಿನ ದಿಕ್ಕನ್ನು ನೋಡಿ ಬೀಳುತ್ತದೆ. ಪ್ರತಿಬಿಂಬ ಯಾವಾಗಲೂ ವಸ್ತುವಿನ ನೇರ ಕೆಳಗೆ. ಕಪ್ಪು ಮರದ ಬಿಂಬ ಮರಕ್ಕಿಂತ ತುಸು ತಿಳಿ, ಬಿಳಿ ಗೋಡೆಯ ಬಿಂಬ ಗೋಡೆಗಿಂತ ತುಸು ಗಾಢ.

ಬೀದಿಯಲ್ಲಿ ತೊಡಕು ಕಣ್ಣಿನ ಮಟ್ಟದ್ದು. ಸಮತಟ್ಟು ರಸ್ತೆಯಲ್ಲಿ ನಿಂತು ಬರೆದರೆ ನಿಮ್ಮಷ್ಟೇ ಎತ್ತರದವರ ತಲೆಗಳೆಲ್ಲ, ಹತ್ತಿರವಿರಲಿ ದೂರವಿರಲಿ, ಒಂದೇ ಗೆರೆಯಲ್ಲಿ ಬರುತ್ತವೆ. ಕೂತರೆ ಹತ್ತಿರದವರ ತಲೆ ಆ ಗೆರೆ ದಾಟಿ ಮೇಲೇರುತ್ತದೆ. ಅರ್ಧ ಚಿತ್ರ ಕೂತು, ಇನ್ನರ್ಧ ನಿಂತು ಬರೆದರೆ ಬೀದಿಯೇ ವಾಲಿದಂತೆ.

ಒಣ ಗಾಳಿಯಲ್ಲಿ ಆಕಾಶದ ವಾಶ್ (ನೀರು ಬೆರೆಸಿ ತೆಳುವಾಗಿ ಹರಡಿದ ಬಣ್ಣದ ಪದರ) ನಡುವೆಯೇ ಒಣಗಿ ಗೆರೆ ಕಟ್ಟುತ್ತದೆ. ಮೊದಲೇ ಕಾಗದ ಒದ್ದೆ ಮಾಡಿ, ಬಣ್ಣವನ್ನು ಬೇಕಾದ್ದಕ್ಕಿಂತ ಹೆಚ್ಚೇ ಕಲಸಿಟ್ಟುಕೊಳ್ಳಿ. ತೇವದ ಹವೆಯಲ್ಲಿ ಉಲ್ಟಾ: ಅರ್ಧ ಒಣಗಿದ ವಾಶ್‌ಗೆ ನೀರು ತುಂಬಿದ ಬ್ರಷ್ ತಾಕಿಸಿದರೆ ಹೂಕೋಸಿನಂಥ ಕಲೆ ಏಳುತ್ತದೆ. ಮೇಲ್ಮೈಯ ಹೊಳಪು ಪೂರ್ತಿ ಹೋಗಿ, ಬೆರಳ ಹಿಂಬದಿಗೆ ತಣ್ಣಗೆ ತಾಕದಿದ್ದರೆ ಮಾತ್ರ ಮುಂದಿನ ಪದರ.