ಬಾಗಿಲವಾಡಕ್ಕೆ ಗೆರೆ ಹಾಕಿದ ದಿನ

ಮನೆ ಕಟ್ಟಿಸುವವರು ಬೆಳಿಗ್ಗೆಯೇ ಚೀಟಿ ತಂದುಕೊಟ್ಟರು. ಅಗಲ 42, ಎತ್ತರ 84, ಎರಡೂ ಇಂಚಿನಲ್ಲಿ. ಆಯ ನೋಡಿಸಿಕೊಂಡು ಬಂದ ಅಳತೆಯಾದ್ದರಿಂದ ಒಂದು ನೂಲೂ ಆಚೀಚೆ ಆಗುವಂತಿರಲಿಲ್ಲ. ನೂಲು ಅಂದರೆ ಇಂಚಿನ ಎಂಟನೇ ಒಂದು ಪಾಲು, ಮೂರು ಮಿಲಿಮೀಟರಿಗಿಂತ ಚೂರು ಹೆಚ್ಚು. ದಾವಣಗೆರೆಯ ನಮ್ಮ ಶೆಡ್ಡಿನಲ್ಲಿ ಅಂದು ಇದ್ದದ್ದು ಈ ತಲೆಬಾಗಿಲ ವಾಡದ ಕೆಲಸ ಒಂದೇ. ಸಂಜೆಯವರೆಗೆ ಗರಗಸ ಹಿಡಿದದ್ದಕ್ಕಿಂತ ಗೆರೆ ಹಾಕಿದ್ದೇ ಹೆಚ್ಚು.

ಚೀಟಿ ಕೈಗೆ ಬಂದಾಗ ಮೊದಲು ಕೇಳಬೇಕಾದ್ದು ಅದು ಒಳಅಳತೆಯೋ ಹೊರಅಳತೆಯೋ ಎಂದು. ಐದು-ಮೂರರ, ಅಂದರೆ 5 ಇಂಚು ಅಗಲ 3 ಇಂಚು ದಪ್ಪದ, ತೇಗದ ಮರ ಹಾಕಿದರೆ ಎಡಬಲದ ಎರಡು ನಿಲುವುಗಳ ದಪ್ಪವೇ 6 ಇಂಚು. ಕೇಳದೆ ಹೋದರೆ ಬಾಗಿಲು ಅಷ್ಟೂ ಕಿರಿದಾಗುತ್ತದೆ. "ಒಳಗಿಂದು ರೀ, ದಾಟಿ ಬರೋ ಜಾಗದ್ದು" ಅಂದರು. ಅದನ್ನೂ ಚೀಟಿಯ ಮೇಲೆ ಬರೆಸಿಕೊಂಡೆವು. ಎರಡನೆಯ ತೊಡಕು ನಕ್ಷೆಯದು. ಅದರಲ್ಲಿ ಎತ್ತರ 2100 ಮಿ.ಮೀ. ಎಂದಿತ್ತು. ಎರಡೂ ಏಳಡಿಯೇ ಎಂದು ಎಲ್ಲರೂ ತಿಳಿದಿದ್ದರು. ಇಂಚಿಗೆ 25 ಎಂದು ಗುಣಿಸಿದರೆ 84 ಇಂಚು 2100 ಆಗುತ್ತದೆ ನಿಜ. ಆದರೆ ಇಂಚು 25.4, ಗುಣಿಸಿದರೆ ಬರುವುದು 2133.6. ಹೆಚ್ಚುಕಮ್ಮಿ 34 ಮಿ.ಮೀ. ವ್ಯತ್ಯಾಸ! ಲಿಂಟಲ್ ಎರಕ ಹಾಕುವ ಮುಂಚೆಯೇ ಇದು ಗಾರೆಯವರಿಗೆ ತಿಳಿಯಬೇಕಿತ್ತು, ಫೋನ್ ಮಾಡಿ ಹೇಳಿದೆವು.

ಆಮೇಲೆ ಟೇಪುಗಳ ಸರದಿ. ಹೊಸ ಕೆಲಸಕ್ಕೆ ಕೈ ಹಾಕುವ ಮುಂಚೆ ಶೆಡ್ಡಿನಲ್ಲಿರುವ ಟೇಪುಗಳನ್ನೆಲ್ಲ ಒಂದು ಮೀಟರಿನ ಉಕ್ಕಿನ ಪಟ್ಟಿಯ ಪಕ್ಕ ಇಟ್ಟು ನೋಡುವುದು ರೂಢಿ. "ಅಣ್ಣಾ, ಇದು ಎರಡು ಮಿಲಿ ಜಾಸ್ತಿ ತೋರಿಸ್ತತಿ ನೋಡ್ರಿ" ಎಂದು ಹುಡುಗ ಒಂದನ್ನು ಎತ್ತಿ ಹಿಡಿದ. ತಪ್ಪು ಎಲ್ಲಿದೆ ಎಂದು ತಿಳಿಯಲು ಸುಲಭದ ದಾರಿ ಇದೆ. ತುದಿಯ ಕೊಕ್ಕೆ ಬಿಟ್ಟು 10 ಸೆಂ.ಮೀ. ಗುರುತಿನಿಂದ 110ರವರೆಗೆ ಅಳೆಯಬೇಕು. ಅಲ್ಲಿ ಸರಿ ಬಂದರೆ ಟೇಪಿನ ಪಟ್ಟಿ ಚೆನ್ನಾಗಿದೆ, ಕೆಟ್ಟಿರುವುದು ಕೊಕ್ಕೆ. ನಮ್ಮದೂ ಹಾಗೇ ಆಗಿತ್ತು, ಟೇಪು ಕೆಳಗೆ ಬಿದ್ದು ಕೊಕ್ಕೆ ಬಾಗಿತ್ತು. ಕೊಕ್ಕೆ ಅಲುಗಾಡುವುದು ದೋಷ ಅಂದುಕೊಂಡು ಸುತ್ತಿಗೆಯಿಂದ ಬಿಗಿ ಮಾಡುವವರಿದ್ದಾರೆ, ಹಾಗೆ ಮಾಡಲೇಬಾರದು. ಕೊಕ್ಕೆಯ ತಗಡು ಎಷ್ಟು ದಪ್ಪವೋ ಅಷ್ಟೇ ಅದು ಹಿಂದೆಮುಂದೆ ಜರುಗಬೇಕು. ಹೊರಗಿನಿಂದ ಎಳೆದು ಅಳೆದರೂ ಒಳಗಿನಿಂದ ಒತ್ತಿ ಅಳೆದರೂ ಸೊನ್ನೆ ಸರಿಯಾಗಿ ಕೂರುವುದು ಅದರಿಂದಲೇ.

ಟೇಪು ಸರಿಯಿದ್ದರೂ ಅದಕ್ಕೊಂದು ಮಿತಿ ಇದೆ. ಪಟ್ಟಿಯ ಆರಂಭದಲ್ಲಿ ರೋಮನ್ ಅಂಕಿಯಲ್ಲಿ ಎರಡು ಎಂದು ಅಚ್ಚಾಗಿದ್ದರೆ ಅದು ಎರಡನೇ ದರ್ಜೆಯದು. 2 ಮೀಟರಿಗೆ 0.7 ಮಿ.ಮೀ. ಹೆಚ್ಚುಕಮ್ಮಿ ಇರಲು ಅದಕ್ಕೆ ಅನುಮತಿ ಇದೆ. ಹಾಗಾಗಿ ಎರಡು ಒಳ್ಳೆಯ ಟೇಪುಗಳೇ ಒಂದಕ್ಕೊಂದು 1.4 ಮಿ.ಮೀ. ಬೇರೆ ಹೇಳಬಹುದು. ಎಡ ನಿಲುವನ್ನು ಒಬ್ಬರ ಟೇಪಿನಲ್ಲಿ, ಬಲ ನಿಲುವನ್ನು ಇನ್ನೊಬ್ಬರ ಟೇಪಿನಲ್ಲಿ ಅಳೆದರೆ ಮೇಲಿನ ಅಡ್ಡ ವಾಲಿಯೇ ಕೂರುತ್ತದೆ. ಬಾಗಿಲ ಸುತ್ತ ನಾವು ಬಿಡುವ ಸಂದೇ 3 ಮಿ.ಮೀ. ಅದರಲ್ಲಿ ಒಂದೂವರೆ ಹೋದರೆ ಎಂಥವರಿಗೂ ಕಣ್ಣಿಗೆ ಹೊಡೆಯುತ್ತದೆ.

ಆದ್ದರಿಂದ ಟೇಪಿನ ಅಂಕಿ ಓದುವುದು ಒಂದೇ ಸಲ, ಅದೂ ಎಲ್ಲ ಅಳತೆಯನ್ನೂ ಗುರುತು ಹಾಕಿಕೊಳ್ಳುವ ಮರದ ಅಳತೆಪಟ್ಟಿಯ ಮೇಲೆ. ಆಮೇಲೆ ಮರವೇ ಮರವನ್ನು ಅಳೆಯಬೇಕು. ಎರಡು ಇಂಚು ಅಗಲ, ಅರ್ಧ ಇಂಚು ದಪ್ಪ, ಎಂಟಡಿ ಉದ್ದದ ನೆಟ್ಟಗಿನ ಒಣ ಸಿಲ್ವರ್ ಓಕ್ ಮರದ ಪಟ್ಟಿ ಸಾಕು. ಒಂದು ಮುಖ ಎತ್ತರಕ್ಕೆ, ಇನ್ನೊಂದು ಅಗಲಕ್ಕೆ. ಎತ್ತರದ ಮುಖದಲ್ಲಿ ಕೆಳಗಿನಿಂದ ಹೊಸ್ತಿಲ ದಪ್ಪ 3 ಇಂಚು, ಹೊಸ್ತಿಲ ಮೇಲ್ಮೈ, ಅಲ್ಲಿಂದ 84 ಇಂಚಿಗೆ ಮೇಲಡ್ಡದ ತಳ, ಅದರ ಮೇಲೆ 3 ಇಂಚು. ಪ್ರತಿ ಗೆರೆಯ ಪಕ್ಕ ಅದು ಏನೆಂದು ಬರೆದೆವು. ಹೆಸರಿಲ್ಲದ ಗೆರೆ ಮಧ್ಯಾಹ್ನದ ಊಟ ಮುಗಿಸಿ ಬರುವಷ್ಟರಲ್ಲಿ ಯಾವುದರದ್ದೆಂದು ಮರೆತಿರುತ್ತದೆ.

ಈ ಪಟ್ಟಿಯ ಮೇಲೇ ಇನ್ನೊಂದು ಗೆರೆ ಬರಬೇಕು, ಹೊಸಬರು ಬಿಡುವುದು ಅದನ್ನೇ. ಬಾಗಿಲು ಕೂರಲು ಮೇಲಡ್ಡದಲ್ಲಿ ಅರ್ಧ ಇಂಚು ಆಳ, 35 ಮಿ.ಮೀ. ಅಗಲದ ರೀಬೇಟು, ಅಂದರೆ ಅಂಚಿನುದ್ದಕ್ಕೂ ಮೆಟ್ಟಿಲಿನಂಥ ಕಚ್ಚು, ತೆಗೆಯುತ್ತೇವೆ. ರೀಬೇಟು ಇರುವ ಕಡೆ ಮೇಲಡ್ಡದ ತಳ ಅರ್ಧ ಇಂಚು ಮೇಲೆ ಹೋಗುತ್ತದೆ, ನಿಲುವಿನ ಹೆಗಲೂ (ತುದಿಯ ನಾಲಿಗೆಯ ಬುಡದಲ್ಲಿ ಅಡ್ಡಕ್ಕೆ ತಾಗಿ ನಿಲ್ಲುವ ಭಾಗ) ಆ ಕಡೆ ಅರ್ಧ ಇಂಚು ಉದ್ದವಿರಬೇಕು. ಎರಡು ಕಡೆಯ ಹೆಗಲನ್ನೂ 84ಕ್ಕೇ ಕೊಯ್ದರೆ ಜೋಡಿಸಿದಾಗ ರೀಬೇಟಿನ ಮೂಲೆಯಲ್ಲಿ ನಾಲ್ಕು ನೂಲಿನ ಕಿಂಡಿ ಬಾಯಿ ಬಿಟ್ಟುಕೊಂಡಿರುತ್ತದೆ. ಅದನ್ನು ಪುಟ್ಟಿಯಲ್ಲಿ ಮುಚ್ಚಿದ ತಲೆಬಾಗಿಲುಗಳನ್ನು ಎಷ್ಟೋ ಕಡೆ ನೋಡಿದ್ದೇವೆ, ನೋಡಿದಾಗಲೆಲ್ಲ ಸಂಕಟವಾಗುತ್ತದೆ. ಹೊಸ್ತಿಲಿಗೆ ನಾವು ರೀಬೇಟು ತೆಗೆಯಲಿಲ್ಲ, ಹಾಗಾಗಿ ಕೆಳಗಿನ ಹೆಗಲು ಎರಡೂ ಕಡೆ ಸಮ.

ಚೌಕ ನೋಡುವ L ಆಕಾರದ ಮೂಲೆಮಟ್ಟವನ್ನೂ ಕಣ್ಣುಮುಚ್ಚಿ ನಂಬುವಂತಿಲ್ಲ. ನೆಟ್ಟಗಿನ ಅಂಚಿರುವ ಹಲಗೆಗೆ ಒತ್ತಿ ಹಿಡಿದು ಒಂದು ಗೆರೆ, ಮಗುಚಿ ಹಾಕಿ ಅದೇ ಬಿಂದುವಿನಿಂದ ಇನ್ನೊಂದು ಗೆರೆ. ಎರಡೂ ಒಂದಾದರೆ ಸರಿ. ತುದಿಯಲ್ಲಿ ಕವಲೊಡೆದರೆ ಮೂಲೆಮಟ್ಟದ ತಪ್ಪು ಕಾಣುವ ಸಂದಿನ ಅರ್ಧದಷ್ಟು. ಒಂದೇ ತಗಡಿನ ದೊಡ್ಡ ಮೂಲೆಮಟ್ಟವಾದರೆ ರಿಪೇರಿ ಸಾಧ್ಯ. ಒಳಮೂಲೆಯ ಹತ್ತಿರ ಪಂಚಿನಿಂದ ಒಂದು ಚುಕ್ಕಿ ಹೊಡೆದರೆ ಕೋನ ಅಗಲವಾಗುತ್ತದೆ, ಹೊರಮೂಲೆಯ ಹತ್ತಿರ ಹೊಡೆದರೆ ಕಿರಿದಾಗುತ್ತದೆ. ಒಂದೊಂದೇ ಏಟು ಹಾಕಿ, ಪ್ರತಿ ಸಲ ಮಗುಚಿ ನೋಡಬೇಕು.

ಮರಕ್ಕೆ ಕೈ ಹಾಕಿದ್ದು ಹನ್ನೊಂದರ ಮೇಲೆ. ನಾಲ್ಕೂ ತುಂಡಿನ ಎರಡು ತುದಿಗೆ ನೇರವಾದ ಕೋಲು ಅಡ್ಡ ಇಟ್ಟು, ಬಗ್ಗಿ ಒಂದರ ಮೇಲಂಚಿನಿಂದ ಇನ್ನೊಂದರ ಅಂಚನ್ನು ನೋಡಿದರೆ ಮರ ತಿರುಚಿದೆಯೋ ಇಲ್ಲವೋ ಗೊತ್ತಾಗುತ್ತದೆ. ತಿರುಚು ತೆಗೆದ ಮೇಲೆ ಚೆನ್ನಾಗಿರುವ ಮುಖಕ್ಕೆ ಬಾಲವಿರುವ ಸೊನ್ನೆಯಂಥ ಗುರುತು, ಬಾಲ ಚೆನ್ನಾಗಿರುವ ಅಂಚಿನ ಕಡೆಗೆ. ನಮ್ಮ ಲೆಕ್ಕದಲ್ಲಿ ಆ ಮುಖ ರೀಬೇಟಿನ ಮುಖ, ಆ ಅಂಚು ಬಾಗಿಲ ಒಳಬದಿ. ಇಲ್ಲಿಂದ ಮುಂದೆ ಮೂಲೆಮಟ್ಟದ ಹಿಡಿ, ಅಂಚಿಗೆ ಸಮನಾಗಿ ಮುಳ್ಳಿನಿಂದ ಗೆರೆ ಎಳೆಯುವ ಮಾರ್ಕಿಂಗ್ ಗೇಜಿನ ಕಟ್ಟೆ ತಾಗುವುದು ಈ ಎರಡಕ್ಕೆ ಮಾತ್ರ. ಹಿಂದಿನ ಮುಖದಿಂದ ಒಂದೇ ಒಂದು ಗೆರೆ ಎಳೆದರೂ ಮರದ ದಪ್ಪದ ಏರುಪೇರೆಲ್ಲ ಜೋಡಣೆಯೊಳಗೆ ಬಂದು ಕೂರುತ್ತದೆ.

ನಿಲುವುಗಳನ್ನು ತೆರೆದಿಟ್ಟ ಪುಸ್ತಕದಂತೆ ಪಕ್ಕಪಕ್ಕ ಮಲಗಿಸಿ, ರೀಬೇಟುಗಳು ಎದುರುಬದುರು ಬರುವಂತೆ ಮೊದಲು ಒರಟಾಗಿ ಗೀಚಿಕೊಂಡೆವು. ಇದು ಎರಡೂ ಎಡ ನಿಲುವುಗಳೇ ಆಗಿಬಿಡದಂತೆ ಕಾಯುತ್ತದೆ. ಆಮೇಲೆ ಒಳಬದಿಗಳು ಮೇಲೆ ಬರುವಂತೆ ಎರಡನ್ನೂ ಸೇರಿಸಿ ಕ್ಲಾಂಪು ಬಿಗಿದು, ಅಳತೆಪಟ್ಟಿ ಇಟ್ಟು ಹೆಗಲುಗಳ ಗುರುತನ್ನು ಎರಡಕ್ಕೂ ಒಟ್ಟಿಗೆ ದಾಟಿಸಿದೆವು. ಹೀಗೆ ಮಾಡಿದರೆ ಎರಡು ನಿಲುವುಗಳ ಉದ್ದದಲ್ಲಿ ವ್ಯತ್ಯಾಸ ಬರಲು ಎಡೆಯೇ ಇರುವುದಿಲ್ಲ.

ಹೆಗಲ ಗೆರೆ ಪೆನ್ಸಿಲಿನದ್ದಾಗಬಾರದು. ಬಡಗಿಯ ಚಪ್ಪಟೆ ಪೆನ್ಸಿಲು ಸ್ವಲ್ಪ ಸವೆದರೂ ಗೆರೆ ಒಂದು ಮಿ.ಮೀ. ದಪ್ಪ, ಅದರ ಯಾವ ಬದಿಯಲ್ಲಿ ಕೊಯ್ಯಬೇಕು ಎಂಬ ಗೊಂದಲ ಬೇರೆ. ಒಂದೇ ಕಡೆ ಸಾಣೆ ಹಿಡಿದ ಚಾಕು ಬೇಕು. ಅದರ ಚಪ್ಪಟೆ ಬದಿ ಮೂಲೆಮಟ್ಟಕ್ಕೆ, ಇಳಿಜಾರು ಬದಿ ಕೊಯ್ದು ಬಿಸಾಡುವ ಭಾಗಕ್ಕೆ. ಚಾಕುವಿನ ಮೊನೆಯನ್ನು ಅಳತೆಪಟ್ಟಿಯ ಗುರುತಿನಲ್ಲಿ ಊರಿ, ಮೂಲೆಮಟ್ಟವನ್ನು ಜರುಗಿಸಿ ಮೊನೆಗೆ ತಾಗಿಸಬೇಕು. ಮೂಲೆಮಟ್ಟ ಮೊದಲೇ ಇಟ್ಟು ಕಣ್ಣಂದಾಜಿನಲ್ಲಿ ಗುರುತಿಗೆ ಹೊಂದಿಸಿದರೆ ಕೂದಲೆಳೆಯಷ್ಟು ತಪ್ಪಿಯೇ ತಪ್ಪುತ್ತದೆ. ಮೊದಲ ಎಳೆತ ಹಗುರ, ಎರಡನೆಯದು ಒತ್ತಿ. ನಾರು ಮೇಲೆಯೇ ತುಂಡಾಗಿರುವುದರಿಂದ ಗರಗಸ ಹಾಕಿದಾಗ ಸಿಬಿರು ಏಳುವುದಿಲ್ಲ. ಬಿಸಾಡುವ ಬದಿಯಿಂದ ಉಳಿಯಲ್ಲಿ ತೆಳ್ಳಗೆ ಒಂದು ಹೊಪ್ಪಳೆ ತೆಗೆದರೆ ಗರಗಸಕ್ಕೆ ಕೂರಲು ಜಾಡೇ ಸಿಕ್ಕಂತಾಯಿತು. ತೇಗದಲ್ಲಿ ಸಿಲಿಕಾ ಇರುವುದರಿಂದ ಚಾಕು ಬೇಗ ಮೊಂಡಾಗುತ್ತದೆ, ಅಂದು ನಾಲ್ಕು ಸಲ ಸಾಣೆಕಲ್ಲಿಗೆ ಉಜ್ಜಬೇಕಾಯಿತು.

ಹೆಗಲ ಗೆರೆ ನಾಲ್ಕೂ ಮುಖ ಸುತ್ತಿ ಬಂದಾಗ ಎಲ್ಲಿ ಎರಡು ಮಟ್ಟ ಬೇಕಿಲ್ಲವೋ ಅಲ್ಲಿ ಅದು ಹೊರಟ ಜಾಗಕ್ಕೇ ಬಂದು ಸೇರಬೇಕು. ಸೇರದಿದ್ದರೆ ಹಿಡಿ ತಪ್ಪು ಮುಖಕ್ಕೆ ತಾಗಿದೆ ಅಥವಾ ಮರ ಚೌಕವಾಗಿಲ್ಲ. ಆ ಕ್ಷಣದಲ್ಲಿ ನಡುವೆ ಎಲ್ಲೋ ರಾಜಿ ಮಾಡಿಕೊಂಡು ಕೊಯ್ಯಬಾರದು, ಗೆರೆ ಕೀಸಿ ಹೊಸದಾಗಿ ಹಾಕಬೇಕು.

ಉಳಿದದ್ದು ನಾಲಿಗೆಯ ದಪ್ಪ. ನಿಲುವಿನ ತುದಿಯ ನಾಲಿಗೆ ಮೇಲಡ್ಡದ, ಹೊಸ್ತಿಲಿನ ಕಂಡಿಗೆ ಕೂರುತ್ತದೆ, ದಪ್ಪ ಮೂರನೇ ಒಂದು ಪಾಲು ಎಂಬುದು ವಾಡಿಕೆ. 5 ಇಂಚನ್ನು ಮೂರು ಪಾಲು ಮಾಡಲು ಲೆಕ್ಕ ಬೇಡ. ಇಂಚಿನ ಸ್ಕೇಲಿನ ಸೊನ್ನೆ ಒಂದು ಅಂಚಿಗೆ, 6 ಇನ್ನೊಂದು ಅಂಚಿಗೆ ಬರುವಂತೆ ಓರೆಯಾಗಿಟ್ಟು 2, 4ರ ಬಳಿ ಚುಕ್ಕಿ ಹಾಕಿದರೆ ಆಯಿತು. ಆದರೆ ಆ ಪಾಲು 42 ಮಿ.ಮೀ., ನಮ್ಮ ಉಳಿ 38. ಉಳಿಯ ಅಗಲವೇ ನಾಲಿಗೆಯ ದಪ್ಪವಾಗಲಿ ಎಂದು ಜೋಡಿ ಮುಳ್ಳಿನ ಗೇಜನ್ನು ಉಳಿಯ ಬಾಯಿಗೇ ಹಿಡಿದು ಹೊಂದಿಸಿದೆವು. ಕಟ್ಟೆಯನ್ನು ಮೊದಲ ಮುಳ್ಳಿನಿಂದ ಸರಿಯಾಗಿ 35ಕ್ಕೆ ಬಿಗಿದೆವು, ರೀಬೇಟು ಮುಗಿದಲ್ಲೇ ನಾಲಿಗೆ ಶುರುವಾಗಲೆಂದು. ಹಾಗಾದರೆ ಉದ್ದ ಹೆಗಲು ಒಂದೇ ಮಟ್ಟದಲ್ಲಿ ಬಂದು ನಿಲ್ಲುತ್ತದೆ, ರೀಬೇಟು ನಾಲಿಗೆಯನ್ನು ತಿನ್ನುವುದೂ ಇಲ್ಲ. ಗೇಜಿನ ಮುಳ್ಳು ಒಂದು ಮಿ.ಮೀ.ಗಿಂತ ಹೆಚ್ಚು ಹೊರಗಿರಬಾರದು. ಉದ್ದವಾದ ಮುಳ್ಳು ನಾರಿನ ಹಿಂದೆ ಓಡಿಹೋಗುತ್ತದೆ. ಗೇಜನ್ನು ವಾಲಿಸಿ, ಮುಳ್ಳು ಹಿಂದೆ ಎಳೆದುಕೊಂಡು ಬರುವಂತೆ ಹಗುರವಾಗಿ ಎರಡು ಮೂರು ಸಲ ಓಡಿಸಬೇಕು.

ಕೊಯ್ದು, ಕಂಡಿ ಹೊಡೆದು, ಅಂಟಿಲ್ಲದೆ ಜೋಡಿಸಿದಾಗ ಮಾರನೆಯ ದಿನದ ಸಂಜೆ. ಒಳಮೂಲೆಯಿಂದ ಮೂಲೆಗೆ 2385 ಮಿ.ಮೀ. ಬರಬೇಕು. ಒಂದು ಕರ್ಣ 2387, ಇನ್ನೊಂದು 2383 ಬಂತು. ನಾಲ್ಕು ವ್ಯತ್ಯಾಸ ಅಂದರೆ ಮೇಲಡ್ಡ ನಾಲ್ಕೂವರೆ ಮಿ.ಮೀ. ಪಕ್ಕಕ್ಕೆ ವಾಲಿದೆ ಎಂದರ್ಥ. ಉದ್ದ ಕರ್ಣದ ಮೇಲೆ ಉದ್ದನೆಯ ಕ್ಲಾಂಪು ಹಾಕಿ ಎರಡೂ 2385ಕ್ಕೆ ಬರುವವರೆಗೆ ಬಿಗಿದು, ಮೂಲೆಗಳಿಗೆ ಓರೆಪಟ್ಟಿ ಹೊಡೆದೆವು. ಗೋಡೆಯಲ್ಲಿ ಕೂರುವವರೆಗೆ ಆ ಪಟ್ಟಿ ಬಿಚ್ಚುವಂತಿಲ್ಲ.

ಅಳತೆಪಟ್ಟಿಗೆ ತೂತು ಹೊಡೆದು, ಮನೆಯವರ ಚೀಟಿಯನ್ನು ಅದಕ್ಕೇ ಕಟ್ಟಿ, ತಾರೀಕು ಬರೆದು ಗೋಡೆಯ ಮೊಳೆಗೆ ನೇತುಹಾಕಿದ್ದೇವೆ. ಬಾಗಿಲ ಹಲಗೆ ಇನ್ನೂ ಮಾಡಬೇಕು. ಎರಡು ರೀಬೇಟು ಸೇರಿ ಅಗಲ 43 ಇಂಚು, ಅದರಲ್ಲಿ ಎಡಬಲ ಮೂರು ಮೂರು ಮಿ.ಮೀ. ಸಂದು ಕಳೆಯಬೇಕು. ಆ ಗೆರೆಗಳೂ ಪಟ್ಟಿಯ ಇನ್ನೊಂದು ಮುಖದಲ್ಲಿ ಆಗಲೇ ಬಿದ್ದಿವೆ.