17 ಆರ್ಕಿಡ್, ಒಂದು ಚೀಲ ಇದ್ದಿಲು

ಫೆಬ್ರವರಿ 9

ಕಳೆದ ಮಳೆಗಾಲದಲ್ಲಿ ಐದು ಆರ್ಕಿಡ್ ಸತ್ತವು. ಐದೂ ಫೆಲನಾಪ್ಸಿಸ್, ಐದೂ ಸತ್ತಿದ್ದು ಒಂದೇ ಥರ. ಮೊದಲು ಕೆಳಗಿನ ಎಲೆ ಮೆತ್ತಗಾಯ್ತು. ನೀರು ಕಮ್ಮಿಯಾಯ್ತೇನೋ ಅಂತ ಇನ್ನಷ್ಟು ಹಾಕಿದೆ. ಒಂದು ದಿನ ಹಿಡಿದು ಎತ್ತಿದರೆ ಗಿಡ ಸಲೀಸಾಗಿ ಕೈಗೆ ಬಂತು, ಬೇರು ಕುಂಡದಲ್ಲೇ ಉಳಿಯಿತು. ಬೇರು ಅಂದರೆ ಬರೀ ಕಂದು ಸಿಪ್ಪೆ, ಒಳಗೊಂದು ನೂಲು. ಕುಂಡದೊಳಗೆ ತುಂಬಿದ್ದ ಪಾಚಿಯಂತೂ ಮೂರು ದಿನ ಹೊರಗಿಟ್ಟ ದೋಸೆ ಹಿಟ್ಟಿನ ಹಾಗೆ ಹುಳಿ ಹುಳಿ ವಾಸನೆ.

ಈಗ ಉಳಿದಿರುವುದು 17. ಎಂಟು ಡೆಂಡ್ರೋಬಿಯಂ, ಆರು ಫೆಲನಾಪ್ಸಿಸ್, ಎರಡು ಒನ್ಸಿಡಿಯಂ, ಒಂದು ಕ್ಯಾಟ್ಲಿಯಾ. ಎಲ್ಲವೂ ನರ್ಸರಿಯಿಂದ ಬಂದ ಪ್ಲಾಸ್ಟಿಕ್ ಕಪ್ಪಿನಲ್ಲೇ ಇವೆ, ಒಳಗೆ ಸ್ಫ್ಯಾಗ್ನಂ ಪಾಚಿ. ಈ ಪಾಚಿ ತನ್ನ ತೂಕದ ಹತ್ತು ಪಟ್ಟಿಗೂ ಜಾಸ್ತಿ ನೀರು ಹಿಡಿದಿಟ್ಟುಕೊಳ್ಳುತ್ತದೆ. ಒಣಹವೆಯ ಊರಿನವರಿಗೆ ಅದು ವರ. ಕಾರವಾರದಲ್ಲಿ ವರ್ಷಕ್ಕೆ 3000 ಮಿ.ಮೀ. ಆಸುಪಾಸು ಮಳೆ, ಅದರಲ್ಲಿ ಹೆಚ್ಚಿನದು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿದು ಮುಗಿಯುತ್ತದೆ. ಹಗ್ಗದ ಮೇಲಿನ ಟವೆಲ್ಲೇ ನಾಲ್ಕು ದಿನ ಒಣಗುವುದಿಲ್ಲ, ಇನ್ನು ಪಾಚಿ ಎಲ್ಲಿ ಒಣಗುತ್ತದೆ?

ಈ ವರ್ಷ ಎಲ್ಲವನ್ನೂ ಪಾಚಿಯಿಂದ ಬಿಡಿಸಿ ಇದ್ದಿಲು, ಹಂಚಿನ ಚೂರಿಗೆ ದಾಟಿಸುವುದು. ಮಳೆ ಹಿಡಿಯುವ ಮೊದಲು ಮುಗಿಯಬೇಕು.

ಫೆಬ್ರವರಿ 23

ಸಿರ್ಸಿಗೆ ಹೋಗಿದ್ದೆ, ತವರಿಗೆ. ಮನೆ ಹಿಂದಿನ ಹಳೇ ಮಾವಿನ ಮರದಲ್ಲಿ ಸೀತೆದಂಡೆ ಇದೆ, ಅದೂ ಆರ್ಕಿಡ್ಡೇ. ನಾನು ಸಣ್ಣವಳಿದ್ದಾಗಿನಿಂದ ಅದೇ ಟೊಂಗೆ, ಅದೇ ಜಾಗ. ಈಗ ಹೂವಿಲ್ಲ. ಮಳೆ ಶುರುವಾಗೋ ಹೊತ್ತಿಗೆ ಬಿಡುತ್ತದೆ, ನರಿ ಬಾಲದ ಹಾಗೆ ಉದ್ದಕ್ಕೆ ಜೋತುಬಿದ್ದ ಗೊಂಚಲು. ಏಣಿ ಇಟ್ಟು ಹತ್ತಿ ನೋಡಿದೆ. ಬೇರು ನನ್ನ ಕಿರುಬೆರಳಿನಷ್ಟು ದಪ್ಪ, ಬೂದು ಬಣ್ಣ, ತೊಗಟೆಗೆ ಅಂಟು ಹಾಕಿದ ಹಾಗೆ ಕೂತಿದೆ. ಅರ್ಧ ಬೇರಂತೂ ಗಾಳಿಯಲ್ಲೇ ನೇತಾಡುತ್ತಿದೆ. ಆಷಾಢದ ಮಳೆ ವಾರಗಟ್ಟಲೆ ಬಡಿದರೂ ಇದು ಕೊಳೆತಿದ್ದಿಲ್ಲ. ಮಳೆ ನಿಂತ ಒಂದು ತಾಸಿಗೆ ಬೇರಿನ ಸುತ್ತ ಗಾಳಿ ಆಡುತ್ತದಲ್ಲ, ಅದಕ್ಕೇ ಬದುಕಿದೆ. ನನ್ನ ಕಪ್ಪುಗಳಲ್ಲಿ ಇಲ್ಲದೇ ಇದ್ದದ್ದು ಆ ಗಾಳಿ.

ಇದ್ದಿಲು ಬಚ್ಚಲ ಒಲೆಯಿಂದಲೇ ಸಿಕ್ಕಿತು. ಒಂದು ಗೊಬ್ಬರದ ಚೀಲದ ತುಂಬ. ಆಯಿ ಬಾಗಿಲಲ್ಲಿ ನಿಂತು ನೋಡಿದಳು. "ಇದೆಂತದೇ ಕೂಸೆ, ಗಿಡಕ್ಕೆ ಇದ್ಲು ಹಾಕ್ತ್ಯಾ?" ಹೌದು ಅಂದೆ. ಅವಳು ಸಗಣಿ ಗೊಬ್ಬರದ ರಾಶಿ ಕಡೆ ಒಮ್ಮೆ, ನನ್ನ ಕಡೆ ಒಮ್ಮೆ ನೋಡಿ ಒಳಗೆ ಹೋದಳು. ದೇವಿಮನೆ ಘಾಟಿ ಇಳಿಯುವಷ್ಟರಲ್ಲಿ ಕಾರಿನ ಹಿಂದಿನ ಸೀಟೆಲ್ಲ ಕಪ್ಪಾಗಿತ್ತು. ಅದರ ಬಗ್ಗೆ ನಮ್ಮನೆಯವರು ಹೇಳಿದ್ದನ್ನು ಇಲ್ಲಿ ಬರೆಯುವುದಿಲ್ಲ.

ಮಾರ್ಚ್, ಪೂರ್ತಿ ತಿಂಗಳು

ಸಾಮಾನು ತಯಾರಿ. ಬೇಜಾರಿನ ಕೆಲಸ, ಆದರೆ ಅರ್ಧ ಯಶಸ್ಸು ಇಲ್ಲೇ ಇದೆ.

ಒಲೆ ಇದ್ದಿಲಿಗೆ ಬೂದಿ ಅಂಟಿರುತ್ತದೆ, ಬೂದಿ ಕ್ಷಾರ. ಹಾಗಾಗಿ ಮೂರು ನಾಲ್ಕು ನೀರಲ್ಲಿ ತೊಳೆದೆ. ಸುತ್ತಿಗೆಯಿಂದ ಹೆಬ್ಬೆರಳ ತುದಿಯಷ್ಟು ಚೂರು ಮಾಡಿ, ಜರಡಿ ಹಿಡಿದು ಪುಡಿ ತೆಗೆದೆ. ಪುಡಿ ಇದ್ದರೆ ಅದೇ ಕೆಳಗಿಳಿದು ತೂತು ಮುಚ್ಚುತ್ತದೆ. ಅಂಗಡಿಯಲ್ಲಿ ಸಿಗುವ ಬಾರ್ಬೆಕ್ಯೂ ಇದ್ದಿಲಿನ ಬಿಲ್ಲೆ ಮಾತ್ರ ಬೇಡ. ಅದರಲ್ಲಿ ಅಂಟು, ಬೇರೆ ಏನೇನೋ ಸೇರಿಸಿರುತ್ತಾರೆ.

ಹಂಚು ಪಕ್ಕದ ಮನೆ ಅಕ್ಕೋರ ಮಾಡಿನದು. ಅವರು ಒಡೆದ ಹಂಚು ತೆಗೆಸಿ ಮೂಲೆಗೆ ರಾಶಿ ಹಾಕಿಸಿದ್ದರು. ತೆಂಗಿನಕಾಯಿ ಸಿಪ್ಪೆಯನ್ನೂ ಅವರೇ ಕೊಟ್ಟರು. ಸಿಪ್ಪೆಯಲ್ಲಿ ಉಪ್ಪಿನಂಶ ಇರುತ್ತದೆ, ಜೊತೆಗೆ ಚೊಗರು. ಹೆಚ್ಚಿ ಬಕೆಟ್‌ನಲ್ಲಿ ನೆನೆ ಹಾಕಿದೆ. ಮೊದಲ ದಿನದ ನೀರು ಗಟ್ಟಿ ಕಷಾಯದ ಬಣ್ಣ. ದಿನಾ ನೀರು ಚೆಲ್ಲಿ ಹೊಸದು ತುಂಬಿದೆ, ಹತ್ತನೇ ದಿನ ತಿಳಿ ಚಹಾದಷ್ಟಾಯ್ತು. ಅಲ್ಲಿಗೆ ಸಾಕು ಅಂತ ಬಿಸಿಲಿಗೆ ಹರವಿದೆ.

ಕಾಯಿ ಸಿಪ್ಪೆ ಬೇಕಾಗಿದ್ದು ಒನ್ಸಿಡಿಯಂಗಾಗಿ. ಅದರ ಬೇರು ಶಾವಿಗೆ ಎಳೆಯಷ್ಟು ಸಣ್ಣ, ಬರೀ ಇದ್ದಿಲಲ್ಲಿ ಒಣಗಿಯೇ ಹೋಗುತ್ತದೆ. ಅರ್ಧ ಸಿಪ್ಪೆ, ಅರ್ಧ ಇದ್ದಿಲು ಅಂತ ಲೆಕ್ಕ ಹಾಕಿದ್ದೇನೆ. ಉಳಿದವಕ್ಕೆ ಮೇಲೆ ಒಂದೆರಡು ತುಂಡು ಅಷ್ಟೇ.

ಏಪ್ರಿಲ್ 6

ಇವತ್ತು ತಪ್ಪು ಮಾಡಿದೆ. ಮಾಡುವಾಗ ಗೊತ್ತಾಗಲಿಲ್ಲ, ಆಮೇಲೆ ಗೊತ್ತಾಗಿ ಬರೆಯುತ್ತಿದ್ದೇನೆ.

ಭಾನುವಾರ, ರಜೆ, ಸಾಮಾನು ರೆಡಿ. ಕೈ ಸುಮ್ನೆ ಇರಲಿಲ್ಲ. ಬಿಳಿ ಫೆಲನಾಪ್ಸಿಸ್ ಎತ್ತಿದೆ. ಅದರಲ್ಲಿ ಇನ್ನೂ ಮೂರು ಹೂವಿದ್ದವು. ಬೇರಿನ ತುದಿಗಳೆಲ್ಲ ಬಿಳಿ, ಮುಚ್ಚಿಕೊಂಡು ಮಲಗಿದ್ದವು. ಬೇರು ಬೆಳೆಯುತ್ತಿದೆ ಅಂತ ತೋರಿಸುವ ಹಸಿರು ತುದಿ ಒಂದೂ ಇರಲಿಲ್ಲ. ಇರಲಿ ಅಂತ ಪಾಚಿ ಬಿಡಿಸಿ ಇದ್ದಿಲಿಗೆ ಕೂರಿಸಿಬಿಟ್ಟೆ.

ಏಪ್ರಿಲ್ 25

ಬಿಳಿಯ ಎಲೆ ಸುಕ್ಕುಗಟ್ಟಿದೆ. ಹೂವು ಎರಡನೇ ದಿನವೇ ಬಾಡಿತ್ತು. ಬೇರು ಒತ್ತಿ ನೋಡಿದರೆ ಟೊಳ್ಳು.

ಯಾಕೆ ಹೀಗಾಯ್ತು ಅನ್ನುವುದು ಈಗ ಸರಿಯಾಗಿ ತಲೆಗೆ ಹೋಯ್ತು. ಪಾಚಿಯ ತೇವದಲ್ಲಿ ಬೆಳೆದ ಬೇರು ಆ ತೇವಕ್ಕೇ ಒಗ್ಗಿರುತ್ತದೆ. ಅದನ್ನು ಒಮ್ಮೆಲೇ ಒಣ ಇದ್ದಿಲಿಗೆ ಇಳಿಸಿದರೆ ಅದರಲ್ಲಿ ಬಹಳಷ್ಟು ಸಾಯುತ್ತದೆ. ಇದ್ದಿಲಲ್ಲೇ ಹುಟ್ಟಿದ ಬೇರು ಇದ್ದಿಲಿಗೆ ಹೊಂದಿಕೊಂಡೇ ಬೆಳೆಯುತ್ತದೆ. ಅಂದಮೇಲೆ ಹಳೇ ಬೇರು ಕೈಕೊಡುವ ಹೊತ್ತಿಗೆ ಹೊಸದು ಹೊರಟಿರಬೇಕು. ಹೊಸ ಬೇರು ಬರುವ ಲಕ್ಷಣವೇ ಇಲ್ಲದ ಗಿಡವನ್ನು ದಾಟಿಸಿದರೆ ನಡುವೆ ನೀರು ಕುಡಿಯಲು ಬಾಯೇ ಇರುವುದಿಲ್ಲ. ಹಳೇ ಪಾಚಿಯಿಂದ ಹೊಸ ಪಾಚಿಗೇ ಬದಲಿಸುವಾಗ ಇಷ್ಟು ಕಟ್ಟುನಿಟ್ಟು ಬೇಕಾಗಲಿಕ್ಕಿಲ್ಲ. ಪಾಚಿಯಿಂದ ಇದ್ದಿಲಿಗೆ ದಾಟಿಸುವಾಗ ಬೇಕೇ ಬೇಕು.

ಬಿಳಿಯನ್ನು ಈಗ ಹಿಂಡಿದ ಪಾಚಿಯ ಮೇಲೆ ಮಲಗಿಸಿ, ದೊಡ್ಡ ಪ್ಲಾಸ್ಟಿಕ್ ಡಬ್ಬಿಯಲ್ಲಿ ಅರ್ಧ ಮುಚ್ಚಳ ಹಾಕಿ ನೆರಳಲ್ಲಿ ಇಟ್ಟಿದ್ದೇನೆ. ಹೌದು, ಮತ್ತೆ ಪಾಚಿಯೇ. ನಾಚಿಕೆ ಬಿಟ್ಟು ಬರೆಯುತ್ತಿದ್ದೇನೆ.

ಮೇ 4

ಡೆಂಡ್ರೋಬಿಯಂ ಕಾದಿದ್ದಕ್ಕೂ ಸಾರ್ಥಕ. ಎಂಟರಲ್ಲಿ ಆರರ ಬುಡದಲ್ಲಿ ಹೊಸ ಮೊಳಕೆ ಎರಡು ಮೂರು ಇಂಚು ಬಂದಿದೆ. ಅದರ ಕಾಲಬುಡದಲ್ಲಿ ಸಾಸಿವೆ ಕಾಳಿನಷ್ಟು ಹಸಿರು ಗುಬುಟು. ಅವೇ ಬೇರು. ಇದೇ ಹೊತ್ತು. ಇನ್ನೊಂದು ಹತ್ತು ದಿನ ಬಿಟ್ಟರೆ ಅವು ಇಂಚುಗಟ್ಟಲೆ ಚಾಚುತ್ತವೆ, ಆಮೇಲೆ ಮುಟ್ಟಿದರೆ ಬೀನ್ಸ್ ಮುರಿದ ಹಾಗೆ ಮುರಿಯುತ್ತವೆ.

ನೇರಳೆ ಡೆಂಡ್ರೋಬಿಯಂ ಮೊದಲು. ಕಪ್ಪನ್ನು ಅರ್ಧ ತಾಸು ನೀರಲ್ಲಿ ಇಟ್ಟೆ, ಬೇರು ಬಳುಕುವಂತಾಯ್ತು. ಕಪ್ಪನ್ನು ಕತ್ತರಿಸಿ ತೆಗೆದರೆ ಹೊರಸುತ್ತಿನ ಬೇರೆಲ್ಲ ಚೆನ್ನಾಗಿದೆ, ನಡುವೆ ಮಾತ್ರ ನಿಂಬೆಹಣ್ಣಿನಷ್ಟು ಕಪ್ಪು ಪಾಚಿ ಉಂಡೆ. ನರ್ಸರಿಯಲ್ಲಿ ಮರಿ ಗಿಡಕ್ಕೆ ಸುತ್ತಿದ್ದ ಪಾಚಿ ಅದು, ಹಾಗೇ ಉಳಿದುಬಿಟ್ಟಿದೆ. ಕೊಳೆ ಶುರುವಾಗುವುದು ಅಲ್ಲಿಂದಲೇ. ಊಟದ ಫೋರ್ಕಿನ ಹಿಂಬದಿಯಿಂದ ಎಬ್ಬಿಸುತ್ತ, ನಲ್ಲಿ ನೀರು ಬಿಡುತ್ತ ಬಿಡಿಸಿದೆ. ಇಪ್ಪತ್ತು ನಿಮಿಷ ಹಿಡಿಯಿತು.

ಕತ್ತರಿಯನ್ನು ಗ್ಯಾಸ್ ಉರಿಯಲ್ಲಿ ಹಿಡಿದು ಮೆತ್ತಗಿನ ಬೇರು ಕತ್ತರಿಸಿದೆ. ಒಂದು ಗಿಡ ಮುಗಿದು ಇನ್ನೊಂದಕ್ಕೆ ಹೋಗುವಾಗ ಮತ್ತೆ ಉರಿಗೆ. ವೈರಸ್ ಇದ್ದರೆ ಹರಡುವುದು ಹೀಗೇ. ಕಾಂಡದ ಗಾಯಕ್ಕೆ ದಾಲ್ಚಿನ್ನಿ ಪುಡಿ ಹಚ್ಚಿದೆ. ಒಳ್ಳೇ ಬೇರಿಗೆ ಅದು ತಾಗಬಾರದು, ಒಣಗಿಸಿಬಿಡುತ್ತದೆ.

ಮಣ್ಣಿನ ಕುಂಡ, ಬದಿಗೆಲ್ಲ ತೂತು. ಕೆಳಗೆ ದೊಡ್ಡ ಹಂಚಿನ ಚೂರು, ಮೇಲೆ ಇದ್ದಿಲು. ಗಿಡದ ಕೋಲಿನಂಥ ಹಳೇ ಕಾಂಡಗಳನ್ನು ಕುಂಡದ ಅಂಚಿಗೆ ಒತ್ತಿ, ಹೊಸ ಮೊಳಕೆಗೆ ಮುಂದೆ ಜಾಗ ಬಿಟ್ಟೆ. ಬುಡ ಹೂತು ಹೋಗದ ಹಾಗೆ ಇದ್ದಿಲಿನ ಮೇಲೇ ಕೂರಿಸಿದೆ. ಬಿದಿರು ಕಡ್ಡಿಗೆ ಹಳೇ ಪಂಚೆಯ ಅಂಚಿನಿಂದ ಕಟ್ಟಿದೆ. ಈ ಕಟ್ಟುವುದನ್ನು ಉಡಾಫೆ ಮಾಡಬೇಡಿ. ಗಾಳಿಗೆ ಗಿಡ ಅಲ್ಲಾಡಿದರೆ ಹೊಸ ಬೇರಿನ ತುದಿ ಇದ್ದಿಲಿಗೆ ತಿಕ್ಕಿ ಸಾಯುತ್ತದೆ.

ಕುಂಡ ಸಣ್ಣದೇ ಇರಲಿ. ನೋಡಲು ತಲೆಭಾರ ಅನಿಸುತ್ತದೆ, ಡೆಂಡ್ರೋಬಿಯಂಗೆ ಅದೇ ಇಷ್ಟ.

ಮೇ 18

15 ಮುಗಿದವು. ಐದು ಫೆಲನಾಪ್ಸಿಸ್‌ನಲ್ಲಿ ನಾಲ್ಕರ ಬೇರಿಗೆ ಹಸಿರು ತುದಿ ಬಂದಿತ್ತು, ಸೆಕೆಗೆ ಅವು ಎದ್ದಿವೆ. ಐದನೆಯದು ಇನ್ನೂ ಹೂವಲ್ಲಿದೆ, ಮುಟ್ಟುವುದಿಲ್ಲ. ಉಳಿದೆರಡು ಡೆಂಡ್ರೋಬಿಯಂ ಮೊನ್ನೆ ಮೊಳೆತವು. ಕ್ಯಾಟ್ಲಿಯಾ ಎರಡೇ ನಿಮಿಷದ ಕೆಲಸ, ಅದು ತಾನೇ ಅರ್ಧ ಕುಂಡದಿಂದ ಹೊರಗೆ ಬಂದಿತ್ತು.

ಕತ್ತರಿ ಆಡಿಸಿದ ಗಿಡಕ್ಕೆ ಐದಾರು ದಿನ ಕುಂಡಕ್ಕೆ ನೀರಿಲ್ಲ. ಗಾಯ ಒಣಗಲಿ. ಬೆಳಿಗ್ಗೆ ಎಲೆಗೆ ಸ್ವಲ್ಪ ಚಿಮುಕಿಸಿದೆ. ಗೊಬ್ಬರ ಬೇರು ಎರಡು ಇಂಚು ಆದಮೇಲೆ. ಆಮೇಲೆ ನೋಡಿ, ನನ್ನ ಕೈಗೇ ಕಷ್ಟವಾಯ್ತು. ಪಾಚಿಗೆ ವಾರಕ್ಕೊಮ್ಮೆ ಹಾಕಿ ರೂಢಿ. ಇದ್ದಿಲು ಈ ಬಿಸಿಲಿಗೆ ಮಧ್ಯಾಹ್ನದೊಳಗೆ ಕಟಕಟ ಒಣ. ದಿನಾ ಬೆಳಿಗ್ಗೆ ಪೈಪ್ ಹಿಡಿಯಬೇಕು. ಎರಡು ದಿನ ಊರಿಗೆ ಹೋಗುವುದಿದ್ದರೆ ಅಕ್ಕೋರಿಗೆ ಹೇಳಿ ಹೋಗಬೇಕು. ಪಾಚಿಯಲ್ಲಿ ಆ ತಲೆಬಿಸಿ ಇರಲಿಲ್ಲ, ಒಪ್ಪಿಕೊಳ್ಳಬೇಕು.

ಜುಲೈ 12

ಒಂಬತ್ತು ದಿನದಿಂದ ಬಿಡದೆ ಮಳೆ. ಫೆಲನಾಪ್ಸಿಸ್ ಮಾಡಿನ ಕೆಳಗಿವೆ, ಅವುಗಳ ನಡುನೆತ್ತಿಯಲ್ಲಿ ನೀರು ನಿಂತರೆ ಕೊಳೆಯುತ್ತದೆ. ಡೆಂಡ್ರೋಬಿಯಂ ಹೊರಗೆ, ನೆನೆಯುತ್ತಲೇ ಇವೆ. ಕುಂಡದ ತೂತಿಗೆ ಮೂಗು ಹಿಡಿದು ನೋಡಿದೆ. ಹುಳಿ ವಾಸನೆ ಇಲ್ಲ. ಬರೀ ಒದ್ದೆ ಹಂಚಿನ ವಾಸನೆ.

ಹೊಸ ಗೋಳು ಬಸವನಹುಳ. ಉದ್ದಿನಕಾಳಿನಷ್ಟು ಸಣ್ಣವು, ಹಗಲು ಕಾಯಿ ಸಿಪ್ಪೆಯ ಕೆಳಗೆ ಅಡಗಿ ರಾತ್ರಿ ಬೇರಿನ ತುದಿ ಕಡಿಯುತ್ತವೆ. ಟಾರ್ಚ್ ಹಿಡಿದು ನಿನ್ನೆ 23 ಹೆಕ್ಕಿದೆ. ಸೌತೆಕಾಯಿ ಬಿಲ್ಲೆ ಇಟ್ಟರೆ ಅದಕ್ಕೆ ಬಂದು ಸೇರುತ್ತವೆ, ಬೆಳಿಗ್ಗೆ ಬಿಲ್ಲೆ ಸಮೇತ ಎತ್ತಿದರಾಯ್ತು. ಸಿಪ್ಪೆ ಇಲ್ಲದ ಕುಂಡಗಳಲ್ಲಿ ಕಾಟ ಕಮ್ಮಿ.

ಆಗಸ್ಟ್ 30

ಒಂದು ಒನ್ಸಿಡಿಯಂ ಹೋಯ್ತು. ಸಿಪ್ಪೆ ಜಾಸ್ತಿಯಾಗಿತ್ತು, ನಡುವೆ ಒದ್ದೆ ಹಿಡಿದು ಕೂತಿತ್ತು. ಉಳಿದ ದಾಟಿಸಿದ ಗಿಡಗಳೆಲ್ಲ ಇವೆ. ನೇರಳೆ ಡೆಂಡ್ರೋಬಿಯಂನ ಒಂದು ಬೇರು ಕುಂಡದ ತೂತಿನಿಂದ ಹೊರಬಂದು, ಹೊರಮೈಗೆ ಅಂಟಿಕೊಂಡು ಕೆಳಗಿಳಿಯುತ್ತಿದೆ. ಉಗುರಲ್ಲಿ ಎಬ್ಬಿಸಲು ನೋಡಿದೆ, ಬರಲಿಲ್ಲ.

ಡಬ್ಬಿಯಲ್ಲಿದ್ದ ಬಿಳಿ ಫೆಲನಾಪ್ಸಿಸ್‌ಗೆ ಈಗ ಒಂದೇ ಎಲೆ. ನಿನ್ನೆ ಬುಡದಲ್ಲಿ ಗುಂಡುಪಿನ್ನಿನ ತಲೆಯಷ್ಟು ಏನೋ ಹಸಿರು ಕಂಡಿತು. ಬೇರೋ ಎಲೆಯೋ ಇನ್ನೂ ಗೊತ್ತಾಗುತ್ತಿಲ್ಲ. ಇದ್ದಿಲು ಪಕ್ಕದಲ್ಲೇ ಇಟ್ಟಿದ್ದೇನೆ. ಈ ಸಲ ಕೈ ಕಟ್ಟಿ ಕೂತಿದ್ದೇನೆ.